ಸೊನ್ನೆ ಅಕ್ಕನ ಹತ್ತೊಂಬತ್ತು

ಸೋಮವಾರ ಬೆಳಗ್ಗೆ ಹತ್ತಕ್ಕೆ ಸೊನ್ನೆ ಅಕ್ಕ ಫೋನು ಹಿಡಿದು ಕೂತಳೆಂದರೆ ಹದಿನಾಲ್ಕು ಆಸ್ಪತ್ರೆಗಳ ನರ್ಸುಗಳೂ ಕೈಕೆಲಸ ಬಿಟ್ಟು ಉತ್ತರ ಕೊಡಬೇಕು. ದೇಶಕ್ಕೆಲ್ಲ ಒಂದೇ ಆದ ಸಾಂಕ್ರಾಮಿಕ ರೋಗ ನಿಗಾ ಸಂಸ್ಥೆಯ ಜಿಲ್ಲಾ ಕಚೇರಿಯಲ್ಲಿ ಅವಳು ಗುಮಾಸ್ತೆ. ಎಲ್ಲೆಲ್ಲಿ ಎಷ್ಟು ಜನಕ್ಕೆ ಜ್ವರ, ಎಷ್ಟು ಜನಕ್ಕೆ ವಾಂತಿಭೇದಿ ಎಂದು ಕೇಳಿ ಫಾರಂ ತುಂಬಿಸಿ, ಸಂಜೆ ನಾಲ್ಕರೊಳಗೆ ರಾಜಧಾನಿಗೆ ಕಳಿಸಬೇಕು. ಯಾರಿಗೂ ಏನೂ ಇಲ್ಲವೆಂದರೂ ಅವಳು ಬಿಡುವವಳಲ್ಲ. "ಇಲ್ಲ ಅಂದ್ರೆ ಸೊನ್ನೆ ಅಂತ ಬಾಯ್ಬಿಟ್ಟು ಹೇಳಮ್ಮ" ಎನ್ನುತ್ತಿದ್ದಳು. ಕಾಲಂ ಖಾಲಿ ಬಿಟ್ಟರೆ ಯಾರೂ ನೋಡಿಲ್ಲ ಎಂದು ಅರ್ಥ. ಸೊನ್ನೆ ಹಾಕಿದರೆ ನೋಡಿದೆವು, ಇಲ್ಲ ಎಂದು. ಹೆಸರು ಅಂಟಿದ್ದು ಹಾಗೆ. ಗಂಡನೂ ಬಿಡುತ್ತಿರಲಿಲ್ಲ. ತಲೆನೋವು ಸೊನ್ನೆ, ಹೊಟ್ಟೆನೋವು ಸೊನ್ನೆ, ಇನ್ನಾದರೂ ಊಟ ಬಡಿಸ್ತೀಯಾ ಎಂದು ರೇಗಿಸುತ್ತಿದ್ದ.

ಆ ಹಟಕ್ಕೆ ಕಾರಣವಿತ್ತು. ಕೆಲಸಕ್ಕೆ ಸೇರಿದ ವರ್ಷ ಒಂದು ದಿನ ಹೊಳೆಯಾಚೆಯ ಆಸ್ಪತ್ರೆಯವರು ಫೋನು ಎತ್ತಲಿಲ್ಲ. ಬಸ್ಸಿಗೆ ಹೊತ್ತಾಯಿತೆಂದು ತಾನೇ ಸೊನ್ನೆ ಬರೆದು ಎದ್ದುಬಿಟ್ಟಿದ್ದಳು. ಅಲ್ಲಿನ ನರ್ಸಿಗೆ ಫೋನು ಎತ್ತಲೂ ಪುರುಸೊತ್ತಿರಲಿಲ್ಲ. ವರಾಂಡದ ತುಂಬ ವಾಂತಿಭೇದಿಯವರು ಮಲಗಿದ್ದರು. ಸೊನ್ನೆ ಅಕ್ಕನನ್ನು ಎತ್ತಿ ಆಡಿಸಿದ ಚಿಕ್ಕಮ್ಮನೂ ಅಲ್ಲೇ ಇದ್ದಳು. ಚಿಕ್ಕಮ್ಮ ಉಳಿಯಲಿಲ್ಲ. ತಾನು ಬರೆದ ಸೊನ್ನೆಯೊಳಗೆ ಚಿಕ್ಕಮ್ಮ ಇದ್ದಳೆಂಬುದನ್ನು ಅವಳು ಯಾರೆದುರೂ ಆಡಲಿಲ್ಲ, ಮರೆಯಲೂ ಇಲ್ಲ.

ನಿವೃತ್ತಿಗೆ ಇನ್ನೆರಡು ವರ್ಷ ಇತ್ತು. ಒಂದು ಸೋಮವಾರ ಹೊಸ ಬಡಾವಣೆಯ ನರ್ಸು, ವಾಂತಿಭೇದಿ ಹತ್ತೊಂಬತ್ತು ಅಕ್ಕ, ಎಲ್ಲರೂ ಹೊಸ ಟ್ಯಾಂಕಿನ ನೀರು ಕುಡಿದವರೇ ಎಂದಳು. ಆ ಟ್ಯಾಂಕಿನ ಉದ್ಘಾಟನೆಗೆ ಗುರುವಾರ ಮಂತ್ರಿಗಳು ಬರುವವರಿದ್ದರು. ನೀರನ್ನು ಮಾತ್ರ ಆಗಲೇ ಬಿಟ್ಟಾಗಿತ್ತು.

ಮೂರು ಗಂಟೆಗೆ ಕಚೇರಿಯ ದೊಡ್ಡ ಸಾಹೇಬರು ಅವಳ ಮೇಜಿನ ಹತ್ತಿರ ಬಂದರು. ಎಂದೂ ಬಂದವರಲ್ಲ.

"ಇದೊಂದು ವಾರ ಎರಡು ಅಂತ ಹಾಕಮ್ಮ. ಉಳಿದದ್ದು ಮುಂದಿನ ವಾರ ಸೇರಿಸ್ಕೊಂಡ್ರಾಯ್ತು."

"ಅಲ್ಲೀವರೆಗೆ ಆ ಹದಿನೇಳು ಜನಾನ ಎಲ್ಲಿ ಮಲಗಿಸ್ಲಿ ಸಾರ್?"

ಸಾಹೇಬರ ಮುಖ ಗಂಟಾಯಿತು. ಪಿಂಚಣಿ ಕಾಗದ ತಮ್ಮ ಕೈ ದಾಟಿಯೇ ಹೋಗಬೇಕೆಂದರು, ಉಗ್ರಾಣಕ್ಕೆ ವರ್ಗ ಮಾಡಿಸುವುದು ಎಷ್ಟು ಹೊತ್ತಿನ ಕೆಲಸವೆಂದರು. ಅವಳು ಫಾರಮ್ಮನ್ನು ಅವರ ಕಡೆ ತಳ್ಳಿ, ಪೆನ್ನಿನ ಮುಚ್ಚಳ ತೆಗೆದು ಕೊಟ್ಟಳು.

"ನೀವು ದೊಡ್ಡೋರು, ತಿದ್ದೋ ಅಧಿಕಾರ ನಿಮಗಿದೆ. ಆದ್ರೆ ಸಂಸ್ಥೆ ನಿಯಮ ಗೊತ್ತಲ್ಲ, ಒಂದೇ ಗೆರೆ ಎಳೀಬೇಕು, ಹಳೇ ಅಂಕಿ ಕಾಣ್ಬೇಕು, ಪಕ್ಕದಲ್ಲಿ ತಿದ್ದಿದೋರ ಪೂರ್ತಿ ಸಹಿ. ನಾನಂತೂ ತಿದ್ದಲ್ಲ."

ಟೈಪಿಸ್ಟಳ ಬೆರಳು ನಿಂತಿತು. ಜವಾನ ಕಡತ ಎತ್ತಿಕೊಂಡವನು ಅಲ್ಲೇ ನಿಂತ. ಸಾಹೇಬರು ಹತ್ತೊಂಬತ್ತರ ಮೇಲೆ ಪೆನ್ನು ಹಿಡಿದರು, ಹಿಡಿದೇ ಇದ್ದರು. ಆಮೇಲೆ, ಪೆನ್ನು ಸರಿಯಿಲ್ಲ ಎಂದು ಗೊಣಗಿ ಇಟ್ಟು ಹೋದರು. ಅದೇ ಪೆನ್ನಿನಿಂದ ಸಹಿ ಹಾಕಿ ಅವಳು ನಾಲ್ಕಕ್ಕೆ ಮುಂಚೆ ಕಳಿಸಿದಳು.

ಬುಧವಾರ ರಾಜಧಾನಿಯಿಂದ ಜೀಪು ಬಂತು, ಟ್ಯಾಂಕಿಗೆ ಬೀಗ ಬಿತ್ತು. ಹತ್ತೊಂಬತ್ತು ಇಪ್ಪತ್ತಾರಾಯಿತು, ಯಾರೂ ಸಾಯಲಿಲ್ಲ. ಮಂತ್ರಿಗಳು ಬರಲಿಲ್ಲ.

ಶುಕ್ರವಾರ ಉಗ್ರಾಣಕ್ಕೆ ವರ್ಗದ ಆದೇಶ ಅವಳ ಕೈಸೇರಿತು. ಕನ್ನಡಕ ಹಾಕಿಕೊಂಡು ಎರಡು ಸಲ ಓದಿದಳು. ಅವಸರದಲ್ಲಿ ಯಾರೋ ತಾರೀಖನ್ನು ಅಳಿಸಿ ಬೇರೆ ಬರೆದಿದ್ದರು. ತಿದ್ದಿದ ಕಡೆ ಪೂರ್ತಿ ಸಹಿ ಇಲ್ಲವೆಂದು ಅಂಚಿನಲ್ಲಿ ದುಂಡಗೆ ಬರೆದು ಜವಾನನ ಕೈಲಿ ವಾಪಸು ಕಳಿಸಿದಳು.

ಅದು ಸರಿಯಾಗಿ ಬರುವುದರೊಳಗೆ ಮತ್ತೆ ಸೋಮವಾರ ಬಂತು. ಹತ್ತು ಹೊಡೆಯಿತು. ಸೊನ್ನೆ ಅಕ್ಕ ಕುರ್ಚಿ ಎಳೆದುಕೊಂಡು ಕೂತು, ಹೊಸ ಬಡಾವಣೆಗೇ ಮೊದಲು ಫೋನು ಹಚ್ಚಿದಳು.