ನಾನು ಎಬ್ಬಿಸಿದ ಗುಡ್ಡ

ಹಾನಗಲ್ಲ ತಾಲೂಕಿನಲ್ಲಿ ಒಂದು ಗುಡ್ಡವನ್ನು ನಾನು ಒಂದೇ ಮಧ್ಯಾಹ್ನದಲ್ಲಿ ಎಬ್ಬಿಸಿದ್ದೇನೆ. ಕೈಯಲ್ಲಿ ಒಂದು ಪೆನ್ಸಿಲು, ಒಂದು ರಬ್ಬರು ಬಿಟ್ಟರೆ ಬೇರೆ ಸಲಕರಣೆ ಇರಲಿಲ್ಲ. ಆ ಗುಡ್ಡ ಬಾಳಿದ್ದು ಮೂರೇ ವಾರ. ಅಷ್ಟರಲ್ಲೇ ಅದು ನನ್ನ ನೌಕರಿಯನ್ನು ನುಂಗುವುದರಲ್ಲಿತ್ತು.

ಎಂಬತ್ತರ ದಶಕದ ಕೊನೆಯ ವರ್ಷಗಳು. ಡ್ರಾಯಿಂಗ್ ಕೋರ್ಸ್ ಮುಗಿಸಿ ಸವಣೂರಿನ ಮನೆಯಲ್ಲಿ ಕೂತಿದ್ದ ನನಗೆ ಶಿಗ್ಗಾವಿಯ ಒಂದು ಸರಕಾರಿ ಕಚೇರಿಯಲ್ಲಿ ನಕ್ಷೆ ಬರೆಯುವ ಹಂಗಾಮಿ ಕೆಲಸ ಸಿಕ್ಕಿತು. ನಮ್ಮದು ಶಾಸ್ತ್ರ ಓದಿದವರ ಮನೆ, ಅಪ್ಪ ಸಂಸ್ಕೃತ ಹೇಳಿಕೊಡುತ್ತಿದ್ದರು. ಮಗಳು ಗುಡ್ಡ ಹಳ್ಳ ಅಳೆಯಲು ದಿನಾ ಬಸ್ಸು ಹತ್ತುತ್ತಾಳೆ ಎಂದು ಹೇಳಲು ಅವರಿಗೆ ಸಂಕೋಚ. ಯಾರಾದರೂ ಕೇಳಿದರೆ 'ಭೂಗೋಳ' ಎಂದು ಗಂಭೀರವಾಗಿ ಹೇಳಿ ಮಾತು ಮುಗಿಸುತ್ತಿದ್ದರು.

ನಮ್ಮ ಸಾಹೇಬರು ಪರದೇಶದಲ್ಲಿ ತರಬೇತಿ ಮುಗಿಸಿ ಬಂದವರು. ಉಳಿದವರು ಅಲ್ಲಿಂದ ವಾಚು, ಸೆಂಟು ತಂದರೆ ಇವರು ಒಂದು ಹುಚ್ಚು ತಂದಿದ್ದರು. ಸರಕಾರಿ ಅಡವಿಯ ಕಾಲುದಾರಿಯಲ್ಲಿ ನಡೆಯುವವನಿಗೆ ಎಲ್ಲಿ ನಿಂತರೆ ಏನೇನು ಕಾಣುತ್ತದೆ ಎಂಬುದನ್ನು ನಕ್ಷೆಯಲ್ಲಿ ಗುರುತಿಸಬೇಕು. ನೋಟ ಚೆನ್ನಾಗಿರುವ ಕಡೆಗೆ ದಾರಿ ತಿರುಗಿಸಬೇಕು. ಎಲ್ಲಕ್ಕಿಂತ ಚೆನ್ನಾಗಿರುವಲ್ಲಿ ಕಲ್ಲಿನ ಬೆಂಚು ಹಾಕಬೇಕು. ಹುಬ್ಬಳ್ಳಿಯವರು ರವಿವಾರ ಬುತ್ತಿ ಕಟ್ಟಿಕೊಂಡು ಬಂದು ಅದರ ಮೇಲೆ ಕೂತು ಸೂರ್ಯೋದಯ ನೋಡಬೇಕು. ಅಂಗೈ ಹುಣ್ಣಿಗೆ ಕನ್ನಡಿ ಬೇಕೇ ಎಂದು ನನಗನ್ನಿಸಿತು. ಆದರೆ ಹಂಗಾಮಿ ನೌಕರರು ಅನ್ನಿಸಿದ್ದನ್ನೆಲ್ಲ ಹೇಳುವುದಿಲ್ಲ.

ಕೆಲಸ ಹೀಗಿತ್ತು. ಎತ್ತರದ ಗೆರೆಗಳಿರುವ ಸರ್ವೇ ನಕ್ಷೆಯ ಮೇಲೆ ಚೌಕಗಳನ್ನು ಎಳೆದು, ಒಂದೊಂದು ಚೌಕ ಎಷ್ಟು ಎತ್ತರದಲ್ಲಿದೆ ಎಂದು ಗ್ರಾಫ್ ಹಾಳೆಯಲ್ಲಿ ಅಂಕಿ ತುಂಬುವುದು. ಹಾಳೆಗಳ ಕಟ್ಟು ಹೊತ್ತು ಯಲವಿಗಿಯಲ್ಲಿ ರೈಲು ಹತ್ತಿ ಧಾರವಾಡಕ್ಕೆ ಹೋಗುವುದು. ಅಲ್ಲೊಂದು ಕಂಪ್ಯೂಟರ್ ಇತ್ತು. ನಮ್ಮ ಅಂಕಿಗಳನ್ನೂ ನಡೆಯುವವನ ದಾರಿಯನ್ನೂ ಅದಕ್ಕೆ ಉಣ್ಣಿಸಿದರೆ, ದಾರಿಯಿಂದ ಕಾಣುವ ಚೌಕಕ್ಕೆ ನಕ್ಷತ್ರ, ಕಾಣದ ಚೌಕಕ್ಕೆ ಚುಕ್ಕೆ ಒತ್ತಿ ಮಾರುದ್ದದ ಕಾಗದ ಹೊರಗೆ ಬಿಡುತ್ತಿತ್ತು. ಆ ಕೋಣೆಗೆ ಚಪ್ಪಲಿ ಹಾಕಿಕೊಂಡು ಹೋಗುವಂತಿಲ್ಲ, ಒದ್ದೆ ಕೈ ತಾಗಿಸುವಂತಿಲ್ಲ, ಹೊರಗಿನವರು ಮುಟ್ಟುವಂತಿಲ್ಲ. ನಮ್ಮಜ್ಜಿಯ ಮಡಿಗಿಂತ ಒಂದು ಕೈ ಮೇಲೆ. ಇದನ್ನು ಕೇಳಿದ ಮೇಲೆ ಅಪ್ಪನಿಗೆ ನನ್ನ ನೌಕರಿಯ ಮೇಲೆ ಸ್ವಲ್ಪ ಗೌರವ ಬಂತು.

ಕಂಪ್ಯೂಟರು ನಡೆಯುವವನ ಕಣ್ಣು ನೆಲದಿಂದ ಎಷ್ಟು ಎತ್ತರದಲ್ಲಿದೆ ಎಂದೂ ಕೇಳುತ್ತಿತ್ತು. ಸಾಹೇಬರು ಗೋಡೆಗೆ ಒರಗಿ ನಿಂತು ತಮ್ಮ ಕಣ್ಣನ್ನೇ ಅಳೆಸಿಕೊಂಡರು. ನನ್ನ ಕಣ್ಣು ಅದಕ್ಕಿಂತ ಒಂದು ಗೇಣು ಕೆಳಗಿತ್ತು. ಅದನ್ನು ಯಾರೂ ಅಳೆಯಲಿಲ್ಲ.

ಆ ವರ್ಷ ನನ್ನ ಪಾಲಿಗೆ ಬಂದದ್ದು ತಿಳವಳ್ಳಿಯ ಆಚೆಗಿನ ಒಂದು ಸಣ್ಣ ಹಳ್ಳಿ. ಊರ ಹಿಂದೆ ಸರಕಾರಿ ಅಡವಿಯ ದಿಬ್ಬ, ದಿಬ್ಬದ ಬುಡದಲ್ಲಿ ಕೆರೆ, ಕೆರೆಯಾಚೆ ಭತ್ತದ ಗದ್ದೆ. ನಕ್ಷೆಯನ್ನು ನೆಲಕ್ಕೆ ತಾಳೆ ಹಾಕಲು ಹತ್ತು ದಿನ ಅಲ್ಲೇ ಇರಬೇಕಾಯಿತು. ಒಬ್ಬ ಮುದುಕಿಯ ಮನೆಯಲ್ಲಿ ಇಳಿದುಕೊಂಡೆ. ಗಂಡ ಹೋದ ಮೇಲೆ ಎರಡು ಎಮ್ಮೆಗಳನ್ನೂ ಊರಿನ ಅಷ್ಟೂ ಹೆಂಗಸರನ್ನೂ ಆಳುತ್ತಿದ್ದವಳು ಅವಳು. ಎಮ್ಮೆಗಳು ಮಾತ್ರ ಆಗಾಗ ಎದುರು ಹೇಳುತ್ತಿದ್ದವು.

ಮೊದಲ ದಿನ ಕೋಳಿ ಕೂಗುವ ಮೊದಲೇ ನನ್ನ ಹೊದಿಕೆ ಎಳೆದಳು.

"ಏಳವಾ. ಬೆಳಕ ಹರೀತಂದ್ರ ಎಲ್ಲಿ ಹೋಗ್ತಿ?"

ಕೈಗೆ ಒಂದು ಹಿತ್ತಾಳೆ ಚಂಬು ಕೊಟ್ಟಳು. ಸವಣೂರಿನಲ್ಲಿ ನಮ್ಮ ಹಿತ್ತಲಲ್ಲಿ ಪಾಯಖಾನೆ ಇತ್ತು. ಇಡೀ ಊರಿನ ಹೆಂಗಸರು ಎಲ್ಲಿ ಹೋಗುತ್ತಾರೆ ಎಂದು ನಾನು ಅಲ್ಲಿಯ ತನಕ ಯೋಚಿಸಿಯೇ ಇರಲಿಲ್ಲ. ಮುದುಕಿಯ ಹಿಂದೆ ನಡೆದೆ. ಕೆರೆಯ ಒಂದು ಮಗ್ಗುಲಲ್ಲಿ, ದಿಬ್ಬದ ಕೆಳಗೆ, ಬೊಗಸೆಯಂಥ ಒಂದು ತಗ್ಗು. ಅದಕ್ಕೆ ಗಂಡಸರು ಕಾಲಿಡುತ್ತಿರಲಿಲ್ಲ. ಬಂಡಿದಾರಿಯಿಂದಾಗಲಿ, ಕೆರೆಯ ಏರಿಯಿಂದಾಗಲಿ, ಗದ್ದೆಯಿಂದಾಗಲಿ ಅದು ಕಾಣುತ್ತಿರಲಿಲ್ಲ. ಹೆಂಗಸರು ಅಲ್ಲಿ ನಕ್ಕು, ಅತ್ತೆಯರನ್ನು ಬೈದು, ಅರ್ಧ ಊರಿನ ಸುದ್ದಿ ಮುಗಿಸಿಕೊಂಡು ಬೆಳಕು ಹರಿಯುವಷ್ಟರಲ್ಲಿ ಮನೆ ಸೇರುತ್ತಿದ್ದರು.

"ಕಾಣೂದಿಲ್ಲ ಅಂತ ಹೆಂಗ ಗೊತ್ತು ನಿಮಗ?" ಎಂದು ಕೇಳಿದೆ. ಹೇಳಿ ಕೇಳಿ ಅದು ನನ್ನ ಕಸುಬು.

ಮುದುಕಿ ಹೇಳಿದ ಪದ್ಧತಿ ಇದು. ಹೊಸ ಸೊಸೆ ಬಂದಾಗ, ಒಂದು ಮರ ಬಿದ್ದಾಗ, ಯಾರದೋ ಕಾಲು ಸವೆದು ಹೊಸ ದಾರಿ ಆದಾಗ, ಒಂದು ಹಗಲು ಹೊತ್ತು ಸೊಸೆ ತಗ್ಗಿನಲ್ಲಿ ಕೂತು ಚಂಬನ್ನು ತಲೆಯ ಮೇಲೆ ಎತ್ತಿ ಹಿಡಿಯಬೇಕು. ಅತ್ತೆ ಆ ದಾರಿಯ ಉದ್ದಕ್ಕೂ ನಡೆಯಬೇಕು.

"ಚಂಬು ಕಂಡ್ರ ಸೊಸಿ ಇನ್ನೊಂದು ಹೆಜ್ಜಿ ಕೆಳಗ ಕೂಡಬೇಕು. ಕಾಣಲಿಲ್ಲಂದ್ರ ಅದ ಆಕಿ ಜಾಗಾ."

ನಾನು ನಕ್ಕೆ. ಆಮೇಲೆ ನಗು ನಿಂತಿತು. ನಾವು ಧಾರವಾಡದ ತನಕ ಹೋಗಿ, ಚಪ್ಪಲಿ ಬಿಟ್ಟು, ಮಾಡಿಸಿಕೊಂಡು ಬರುತ್ತಿದ್ದ ಕೆಲಸವನ್ನೇ ಇವರು ಚಂಬಿನಲ್ಲಿ ಮುಗಿಸಿದ್ದರು. ನಮಗೆ ಕಾಣುವುದು ಬೇಕಿತ್ತು, ಇವರಿಗೆ ಕಾಣದಿರುವುದು. ನನ್ನ ನಕ್ಷೆಯನ್ನು ಬಿಡಿಸಿ ತೋರಿಸಿ, ಮಿಷನ್ನಿಗೆ ನಿಂತವರ ಕಣ್ಣಿನ ಎತ್ತರ ಕೊಡುವುದನ್ನೂ ಹೇಳಿದೆ. ಮುದುಕಿ ತಿರುವಿ ತಿರುವಿ ನೋಡಿ, "ನಿನ್ನ ಮಿಷನ್ನು ನಿಂತಾವ್ರ ಲೆಕ್ಕಾನ ಹಿಡೀತೈತಿ. ಕುಂತಾವ್ರ ಲೆಕ್ಕಾ?" ಎಂದಳು. ನಾನು ನಕ್ಷೆ ಸುತ್ತಿಟ್ಟೆ.

ತಿಂಗಳ ನಂತರ ಧಾರವಾಡದ ಕಾಗದ ಬಂತು. ಹಳೆಯ ಕಾಲುದಾರಿಯಿಂದ ಆ ತಗ್ಗು ಪೂರ್ತಿ ಚುಕ್ಕೆ. ಭಲೆ, ಮುದುಕಿ ಪಾಸು ಎಂದುಕೊಂಡೆ. ಆದರೆ ಸಾಹೇಬರು ದಿಬ್ಬದ ನೆತ್ತಿಯ ಮೇಲೆ ಒಂದು ಹೊಸ ದಾರಿ ಎಳೆದಿದ್ದರು. ಆ ನೆತ್ತಿಯಿಂದ ಕೆರೆ, ಗದ್ದೆ, ಮೂಡಲ ದಿಕ್ಕು, ಎಲ್ಲ ನಕ್ಷತ್ರ. ತಗ್ಗಿನಲ್ಲೂ ಚೌಕ ಬಿಡದೆ ನಕ್ಷತ್ರ ಉದುರಿದ್ದವು.

"ಅದ್ಭುತ!" ಎಂದರು ಸಾಹೇಬರು. "ಬೆಂಚು ಇಲ್ಲೇ."

ಹೇಳಬೇಕಿತ್ತು, ಹೇಳಲಿಲ್ಲ. ಕಚೇರಿಯ ತುಂಬ ಗಂಡಸರು, ನಾನೊಬ್ಬಳೇ ಹುಡುಗಿ. ಕೊನೆಗೆ ಧೈರ್ಯ ಮಾಡಿ ನಮ್ಮ ಹಿರಿಯ ನಕ್ಷೆಗಾರರ ಕಿವಿಗೆ ಹಾಕಿದೆ. ನಿವೃತ್ತಿಗೆ ಬಂದ ಸಾಧು ಮನುಷ್ಯ. ಮೂರು ಸಲ ಕೆಮ್ಮಿದರು.

"ಖರೇ ತಂಗಿ, ತಪ್ಪಾಕ್ಕೈತಿ. ಆದ್ರ ಇದನ್ನ ಫೈಲಿನಾಗ ಹೆಂಗ ಬರೀಲಿ? ಯಾವ ಕಾಲಮ್ಮಿಗೆ ಹಾಕ್ಲಿ?"

ನನಗೆ ಸಿಟ್ಟು ಬಂತು. ನೋಡುವವರು ಕೂರಲು ಕಲ್ಲಿನ ಬೆಂಚು ಮಂಜೂರಾಗಿತ್ತು. ಆ ಊರಿನ ಹೆಂಗಸರಿಗೆ ಮರೆಯಾಗಿ ಒಂದು ಗೋಡೆ ಕಟ್ಟಲು ಯಾರೂ ಒಂದು ಇಟ್ಟಿಗೆ ಮಂಜೂರು ಮಾಡಿರಲಿಲ್ಲ. ಇದ್ದ ಒಂದು ಮರೆಯನ್ನೂ ನಾವೇ ಕಿತ್ತುಕೊಳ್ಳುತ್ತಿದ್ದೆವು. ಅದರ ಅಂಕಿಗಳನ್ನು ಬರೆದುಕೊಟ್ಟ ಕೈ ನನ್ನದೇ.

ಹಾಗಾಗಿ ಆ ಮಧ್ಯಾಹ್ನ, ಎಲ್ಲರೂ ಊಟಕ್ಕೆ ಹೋದಾಗ, ಗುಡ್ಡ ಎಬ್ಬಿಸಿದೆ. ದಿಬ್ಬದ ನೆತ್ತಿಗೂ ತಗ್ಗಿಗೂ ನಡುವಿನ ನಾಲ್ಕು ಚೌಕಗಳ ಅಂಕಿ ಅಳಿಸಿ, ಒಂದೊಂದಕ್ಕೂ ಹದಿನೈದು ಮೀಟರ್ ಸೇರಿಸಿದೆ. 'ಅಂಕಿಗಳಲ್ಲಿ ಸಣ್ಣ ತಿದ್ದುಪಡಿ ಇದೆ' ಎಂದು ಹೇಳಿ ಮತ್ತೆ ಧಾರವಾಡಕ್ಕೆ ಹೋಗಿ ಬಂದೆ. ಹೊಸ ಕಾಗದದಲ್ಲಿ ತಗ್ಗು ಮಾಯ, ಕೆರೆ ಅರ್ಧ ಮಾಯ. ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿದ ಹಾಗೆ ನಾನೂ ನಿಶ್ಚಿಂತೆಯಿಂದ ಇದ್ದೆ.

ಸಾಹೇಬರು ಎರಡೂ ಕಾಗದಗಳನ್ನು ಪಕ್ಕ ಪಕ್ಕ ಇಟ್ಟು ಬಹಳ ಹೊತ್ತು ನೋಡಿದರು.

"ಇಲ್ಲಿ ಗುಡ್ಡ ಇದೆಯೇನಮ್ಮ?"

"ಅದ ಸರ್."

"ನನಗೆ ಕಂಡ ನೆನಪಿಲ್ಲವಲ್ಲ. ಶನಿವಾರ ಬೆಳಿಗ್ಗೆ ಹೋಗಿ ನೋಡೋಣ. ಸೂರ್ಯೋದಯಕ್ಕೇ."

ಶುಕ್ರವಾರ ಸಂಜೆಯ ಬಸ್ಸಿಗೆ ನಾನು ಒಂದು ಕಟ್ಟು ಸವಣೂರಿನ ವೀಳ್ಯದೆಲೆ ಹಿಡಿದುಕೊಂಡು ಮುದುಕಿಯ ಮನೆಗೆ ಹೋದೆ. ಎಲ್ಲ ಹೇಳಿ ಅತ್ತುಬಿಟ್ಟೆ. ಗುಡ್ಡ ಇಲ್ಲ ಎಂದು ಗೊತ್ತಾದರೆ ನನ್ನ ನೌಕರಿ ಹೋಗುತ್ತದೆ, ಬೆಂಚು ಬಂದರೆ ನಿಮ್ಮ ತಗ್ಗು ಹೋಗುತ್ತದೆ ಎಂದೆ. ಮುದುಕಿ ಸಾವಕಾಶವಾಗಿ ಎಲೆಗೆ ಸುಣ್ಣ ಹಚ್ಚಿದಳು.

"ಸುಳ್ಳ ಗುಡ್ಡಾ ಎಬ್ಬಿಸಾಕ ಕೈ ಬಂತು. ಖರೇ ಹೇಳಾಕ ಬಾಯಿ ಬರ್ಲಿಲ್ಲೇನ?"

ಆ ಮಾತಿನಿಂದ ನನಗೆ ಬಹಳ ನೋವಾಯಿತು, ಯಾಕೆಂದರೆ ಅದು ನಿಜವಾಗಿತ್ತು. ಮುದುಕಿ ಎಲೆ ಬಾಯಿಗಿಟ್ಟು, "ಬರ್ಲಿ ಬಿಡು ನಿನ್ನ ಸಾಹೇಬ," ಎಂದು ಓಣಿಗೆ ಹೊರಟಳು.

ಬೆಳಿಗ್ಗೆ ಜೀಪು ಬಂತು. ಸಾಹೇಬರು, ಹಿರಿಯ ನಕ್ಷೆಗಾರರು, ನಾನು, ಮೂವರೂ ದಿಬ್ಬ ಹತ್ತಿದೆವು. ಸಾಹೇಬರು ನೆತ್ತಿಯ ಮೇಲೆ ಕಾಗದ ಹಾಸಿ ನಾಲ್ಕು ಮೂಲೆಗೂ ಕಲ್ಲಿಟ್ಟು, ಎದ್ದು ನಿಂತು ನೋಡಿದರು. ಎದುರಿಗೆ ಬಟ್ಟಂಬಯಲು.

"ಎಲ್ಲಮ್ಮ ಗುಡ್ಡ?"

ನಾನು ಬಾಯಿ ತೆರೆಯುವಷ್ಟರಲ್ಲಿ ಸೂರ್ಯ ಮೇಲೆದ್ದ. ಕೆಳಗೆ ತಗ್ಗಿನಲ್ಲಿ ಏನೋ ಫಳ್ ಎಂದಿತು. ಒಂದಲ್ಲ, ಹತ್ತಾರು. ಊರಿನ ಹೆಂಗಸರೆಲ್ಲ ಸೆರಗು ಹೊದ್ದು, ತಮ್ಮ ತಮ್ಮ ಜಾಗದಲ್ಲಿ ಸಾಲಾಗಿ ಕೂತು, ತಿಕ್ಕಿ ಬೆಳಗಿದ ಚಂಬುಗಳನ್ನು ತಲೆಯ ಮೇಲೆ ಎತ್ತಿ ಹಿಡಿದಿದ್ದರು. ಹಿರಿಯ ನಕ್ಷೆಗಾರರು ಥಟ್ಟನೆ ಬೆನ್ನು ತಿರುಗಿಸಿ ಒಂದು ತೇಗದ ಮರವನ್ನು ಅಭ್ಯಾಸ ಮಾಡತೊಡಗಿದರು. ಮುದುಕಿಯ ದನಿ ಮೇಲೆ ಬಂತು.

"ಸಾಹೇಬ್ರಾ! ಚಂಬು ಕಾಣ್ತಾವೇನ್ರೀ?"

"ಏನಿದು?" ಎಂದರು ಸಾಹೇಬರು ನನ್ನ ಕಡೆ ತಿರುಗಿ.

ಆಗ ಹೇಳಿದೆ. "ಹೆಂಗಸರು ಬಯಲಕಡೆಗೆ ಕೂಡೋ ಜಾಗ ಸರ್. ಈ ಊರಿನ ಯಾವ ದಾರಿಯಿಂದಲೂ ಕಾಣೂದಿಲ್ಲ. ನಿಮ್ಮ ಬೆಂಚಿನಿಂದ ಮಾತ್ರ ಕಾಣ್ತದ. ಗುಡ್ಡ ಇಲ್ಲ ಸರ್, ನಾನ ಬರೆದದ್ದು."

ಸಾಹೇಬರ ಕಿವಿ ಕೆಂಪಾದವು. ಕೆಳಗಿನಿಂದ ಮತ್ತೆ ಪ್ರಶ್ನೆ ಬಂತು. ಉತ್ತರ ಕೊಡದೆ ಗತಿಯಿರಲಿಲ್ಲ.

"ಕಾಣ್ತವೆ!" ಎಂದು ಕೂಗಿದರು.

"ಎಷ್ಟ ಕಾಣ್ತಾವ್ರೀ?"

"ಎಲ್ಲಾ!"

"ಹಂಗಾರ ಹಿಂದಕ ಸರೀರಿ!"

ಪರದೇಶದಲ್ಲಿ ಕಲಿತು ಬಂದ ನಮ್ಮ ಸಾಹೇಬರು ಒಂದು ಹೆಜ್ಜೆ ಹಿಂದೆ ಸರಿದರು. "ಈಗ?" "ಅರ್ಧ!" "ಇನ್ನಾ ಸರೀರಿ!" ಹೀಗೆ ಹೆಜ್ಜೆ ಹೆಜ್ಜೆಗೂ ಲೆಕ್ಕ ಒಪ್ಪಿಸುತ್ತ ದಿಬ್ಬದ ಹಿಂಭಾಗಕ್ಕೆ ಇಳಿದು, ಒಂದು ಕಾರೆಕಂಟಿಯ ಪೊದೆಯ ಹಿಂದೆ ಹೋಗಿ, "ಒಂದೂ ಇಲ್ಲ!" ಎಂದು ಕೂಗಿದರು. ಕೆಳಗೆ ನಗೆ ಎದ್ದಿತು. ಸಾಹೇಬರು ಅಲ್ಲೇ ಕೆಂಪು ಬಾವುಟ ನೆಟ್ಟರು. ಮುಂದೆ ಬೆಂಚು ಬಂದದ್ದೂ ಅಲ್ಲಿಗೇ. ಅದರ ಮೇಲೆ ಕೂತರೆ ಕಾರೆಕಂಟಿ ಮತ್ತು ಕೆರೆಯ ಒಂದು ಚೂರು ಕಾಣುತ್ತವೆ.

ಜೀಪು ವಾಪಸು ಹೊರಟಿತು. ಹಾನಗಲ್ಲ ದಾಟಿದ ಮೇಲೆ ಸಾಹೇಬರು, "ಆ ನಾಲ್ಕು ಚೌಕ ಸರಿ ಮಾಡಿ. ಸುಳ್ಳು ಅಂಕಿ ನನ್ನ ನಕ್ಷೆಯಲ್ಲಿ ಬೇಡ. ದಾರಿಯನ್ನು ನಾನು ಸರಿಸುತ್ತೇನೆ," ಎಂದರು. ನನ್ನ ನೌಕರಿಯ ಮಾತು ಎತ್ತಲಿಲ್ಲ. ನಾನೂ ಎತ್ತಲಿಲ್ಲ.

ಬಂಕಾಪುರದ ಹತ್ತಿರ ಒಂದು ನವಿಲು ಅಡ್ಡ ಬಂದು ಜೀಪು ನಿಂತಿತು. ಸಾಹೇಬರು ನವಿಲನ್ನು ನೋಡಲಿಲ್ಲ. ಕಚೇರಿಯಲ್ಲಿ ಎಂದೂ ಆಡದ ಊರ ಮಾತಿನಲ್ಲಿ, ತಮ್ಮಷ್ಟಕ್ಕೆ ಎಂಬಂತೆ ಹೇಳಿದರು.

"ನಮ್ಮದು ಹಿರೇಕೆರೂರ ಕಡೆ ಹಳ್ಳಿ. ಅವ್ವ ತೀರಿಕೊಂಡು ಎಂಟು ವರ್ಷ ಆತು. ಅಕಿ ದಿನಾ ಎಲ್ಲಿ ಹೋಗ್ತಿದ್ಲು ಅಂತ ನಾ ಒಂದಿನಾ ಕೇಳಲಿಲ್ಲ. ಇವತ್ತಿನ ತನಕ ನನಗ ಗೊತ್ತಿಲ್ಲ."

ನನ್ನ ಬಾಯಿ ಆ ದಿನ ಒಮ್ಮೆ ತೆರೆದದ್ದು ಮುಚ್ಚುವಂತಿರಲಿಲ್ಲ.

"ನಿಮಗೂ ಕಾಣಲಿಲ್ಲಂದ್ರ ಛಲೋ ಜಾಗಾನ ಇತ್ತು ಸರ್," ಎಂದೆ.

ಅವರು ನಕ್ಕರು. ಆಮೇಲೆ ಕನ್ನಡಕ ತೆಗೆದು, ಶಿಗ್ಗಾವಿ ಬರುವ ತನಕ ಅದನ್ನು ಒರೆಸುತ್ತಲೇ ಇದ್ದರು.