ನಾವು ನೋಡದ ಕಾಲು ತಾಸು

ಚಿಕ್ಕವಳಿದ್ದಾಗ ಸಿಂದಗಿಯ ಟಾಕೀಜಿನಲ್ಲಿ ನಾನು ಮೂವತ್ತು ನಲವತ್ತು ಪಿಚ್ಚರ್ ನೋಡಿರಬೇಕು. ಒಂದರ ಕೊನೆಯನ್ನೂ ನೋಡಿಲ್ಲ. ಮ್ಯಾಟಿನಿ ಮುಗಿಯುವುದು ಸಂಜೆ ಆರಕ್ಕೆ, ದೇವರ ಹಿಪ್ಪರಗಿ ಆಚೆಯ ನಮ್ಮ ಹಳ್ಳಿಗೆ ಕಡೆಯ ಬಸ್ಸು ಬಿಡುವುದೂ ಆರಕ್ಕೇ. ಪರದೆಯ ಮೇಲೆ ಹೀರೋನ ತಾಯಿಯನ್ನು ಕಂಬಕ್ಕೆ ಕಟ್ಟುವ ಹೊತ್ತಿಗೆ ಹಳ್ಳಿಯವರೆಲ್ಲ ಎದ್ದು ಕತ್ತಲಲ್ಲಿ ಚಪ್ಪಲಿ ಹುಡುಕುತ್ತಿದ್ದೆವು. ಆ ತಾಯಿಯ ಗತಿ ಏನಾದರೂ ಆಗಲಿ, ನಮಗೆ ಬಸ್ಸಿನಲ್ಲಿ ಸೀಟು ಸಿಕ್ಕರೆ ಸಾಕಾಗಿತ್ತು.

ನನ್ನನ್ನು ಕರೆದೊಯ್ಯುತ್ತಿದ್ದವನು ಕಾಕಾ, ಅಪ್ಪನ ತಮ್ಮ, ನಮ್ಮೂರ ಕನ್ನಡ ಸಾಲಿಯ ಮಾಸ್ತರ. ನಾನು ಅವನನ್ನು ಕಡೆತನಕ ನೀನು ಎಂದೇ ಕರೆದವಳು, ಇಲ್ಲಿಯೂ ಹಾಗೇ ಬರೆಯುತ್ತೇನೆ. ಬಸ್ಸು ಸಿಂದಗಿ ಬಿಡುತ್ತಲೇ ಅವನ ಅಂಗಿ ಜಗ್ಗುತ್ತಿದ್ದೆ.

"ಕಾಕಾ, ಮುಂದ ಏನಾತು?"

ಅವನು ಗಂಟಲು ಸರಿಮಾಡಿಕೊಂಡು ಕೊನೆಯನ್ನು ಹೇಳುತ್ತಿದ್ದ. ಖಳನಾಯಕನಿಗೊಂದು ದನಿ, ತಾಯಿಗೊಂದು ದನಿ. ಹಿಂದಿನ ಸೀಟಿನವರೂ ಬಗ್ಗಿ ಕೇಳುತ್ತಿದ್ದರು. ಅವನೂ ನನ್ನ ಜೊತೆಗೇ ಎದ್ದು ಬಂದವನು, ಕೊನೆ ಅವನಿಗೆ ಹೇಗೆ ಗೊತ್ತು ಎಂಬ ಪ್ರಶ್ನೆ ನನಗೆ ಹೊಳೆದದ್ದು ಹೈಸ್ಕೂಲಿಗೆ ಹೋದ ಮೇಲೆ. ಅಷ್ಟು ದಡ್ಡಿ ನಾನು.

ಅವುಗಳಲ್ಲಿ ಒಂದು ಪಿಚ್ಚರ್ ನಾಲ್ಕೇ ದಿನ ಓಡಿತು. ಈಗಿನ ಹುಡುಗರು ಅಂಥದ್ದಕ್ಕೆ ಕಲ್ಟ್ ಎನ್ನುತ್ತಾರೆ, ಆಗ ನಾವು ಬಿದ್ದ ಪಿಚ್ಚರ್ ಎನ್ನುತ್ತಿದ್ದೆವು. ಒಂದು ಹಳ್ಳಿಗೆ ಮೊದಲ ಸಲ ಫೋನ್ ಬರುತ್ತದೆ. ಪಂಚಾಯಿತಿಯವರು ಅದನ್ನು ಕಾಯಲು ಒಬ್ಬನನ್ನು ಕೂರಿಸುತ್ತಾರೆ. ಪಿಚ್ಚರ್ ತುಂಬ ಊರಿಗೆ ಊರೇ ಅದು ರಿಂಗಾಗಲಿ ಎಂದು ಕಾಯುತ್ತದೆ, ಅಷ್ಟೇ ಕಥೆ. ಜನ ಬೈದು ಎದ್ದು ಹೋದರು. ಕಾಕಾ ನಾಲ್ಕೂ ದಿನ ಹೋದ, ನಾಲ್ಕೂ ದಿನ ಕಾಲು ತಾಸು ಮೊದಲೇ ಎದ್ದ. ಅವನು ನನಗೆ ಬಸ್ಸಿನಲ್ಲಿ ಹೇಳಿದ ಕೊನೆ ಹೀಗಿತ್ತು: ಫೋನ್ ರಿಂಗಾಗುತ್ತದೆ, ಎಲ್ಲರೂ ಓಡಿ ಬರುತ್ತಾರೆ, ನೀ ಎತ್ತು ನೀ ಎತ್ತು ಎಂದು ಜಗಳಾಡುತ್ತಾರೆ, ಅಷ್ಟರಲ್ಲಿ ಅದು ನಿಲ್ಲುತ್ತದೆ. ಆದರೂ ರಿಂಗಾಯಿತಲ್ಲ ಎಂದು ಊರಿಗೆಲ್ಲ ಸಕ್ಕರೆ ಹಂಚುತ್ತಾರೆ. ಅಷ್ಟು ಚೆಂದದ ಕೊನೆಯನ್ನು ನಾನು ಮತ್ತೆಲ್ಲೂ ಕೇಳಿಲ್ಲ.

ಟಾಕೀಜು ಮುಚ್ಚಿತು, ಮನೆಗೆ ಟಿವಿ ಬಂತು. ನಾನೂ ಮಾಸ್ತರಿಕೆ ಹಿಡಿದು ಬಸವನ ಬಾಗೇವಾಡಿ ಸೇರಿದೆ. ಐತಾರಕ್ಕೊಮ್ಮೆ, ವಾರದ ರಜೆಗೆ, ಊರಿಗೆ ಹೋಗುವುದು, ಕಾಕಾನ ಜೊತೆ ಕೂತು ಹಾಸ್ಯ ಧಾರಾವಾಹಿ ನೋಡುವುದು, ಜಗಳಾಡುವುದು. ಗಂಡಸರು ಸೀರೆ ಉಟ್ಟು ಬಂದರೆ ನನಗೆ ಮೈಯೆಲ್ಲ ಉರಿಯುತ್ತದೆ, ಅವನಿಗೆ ನಕ್ಕು ನಕ್ಕು ಕಣ್ಣೀರು. ತಾನು ನಗಿಸುತ್ತಿದ್ದೇನೆಂದು ಗೊತ್ತಿಲ್ಲದ ಪಾತ್ರವೇ ನಿಜವಾಗಿ ನಗಿಸುವುದು ಎಂಬುದು ನನ್ನ ವಾದ. ಧಾರಾವಾಹಿ ಹಳಸುವ ಹೊತ್ತಿಗೆ ಹೀರೋನ ಅವಳಿ ತಮ್ಮನೊಬ್ಬ ಊರಿಂದ ಬಂದೇ ಬರುತ್ತಾನೆ, ಅಲ್ಲಿಗೆ ನೋಡುವುದನ್ನು ಬಿಡಬೇಕು ಎಂಬುದೂ ನನ್ನ ವಾದವೇ. ಕಾಕಾ ಅವಳಿ ತಮ್ಮನನ್ನೂ ಬಿಡದೆ ನೋಡುತ್ತಿದ್ದ. ಆದರೆ ಟಿವಿಯೊಳಗಿನಿಂದ ತಾವೇ ನಕ್ಕು ತೋರಿಸುವ ಆ ರೆಕಾರ್ಡಿನ ನಗು ಮಾತ್ರ ಅವನಿಗೆ ಆಗದು.

"ನಾ ಯಾವಾಗ ನಗಬೇಕಂತ ಹೇಳಾಕ ಇವರ್ಯಾರು? ನನಗೇನು ಬಾಯಿಲ್ಲೇನು?" ಎನ್ನುತ್ತಿದ್ದ.

ಒಂದು ಮಾತಿಗೆ ಮಾತ್ರ ನಮ್ಮಿಬ್ಬರದೂ ಒಂದೇ ಸಿಟ್ಟು. ಆ ಧಾರಾವಾಹಿಗಳಲ್ಲಿ ನಮ್ಮ ಕಡೆಯವನು ಬಂದರೆ ಅಡುಗೆಯವನಾಗಿ ಬರಬೇಕು, ಇಲ್ಲವೆ ವಾಚಮನ್. ಬಾಯಿ ತೆರೆದು "ಹೌದ್ರಿ" ಅಂದರೆ ಸಾಕು, ರೆಕಾರ್ಡಿನ ನಗು ಶುರು.

"ಹೌದ್ರಿ ಅನ್ನೂದರಾಗ ನಗುವಂಥಾದ್ದು ಏನೈತಿ?" ಎಂದು ಕಾಕಾ ಟಿವಿಯನ್ನೇ ಕೇಳುತ್ತಿದ್ದ.

ಹೋದ ವರ್ಷ ಅವನ ಗಂಟಲಲ್ಲಿ ಗಡ್ಡೆ ಕಾಣಿಸಿತು. ಜೀವ ಉಳಿಯಬೇಕಾದರೆ ದನಿ ಹೋಗುತ್ತದೆ ಎಂದರು ಡಾಕ್ಟರು. ಆಪರೇಷನ್ ಆಯಿತು. ಅದರ ನಂತರ ಸಾಲಿ ಮಕ್ಕಳದೊಂದು ಪಾಟಿ, ಬಳಪ ಇಟ್ಟುಕೊಂಡು ಹೇಳಬೇಕಾದ್ದನ್ನು ಬರೆದು ತೋರಿಸುತ್ತಿದ್ದ. ನಮ್ಮ ಚಿಗವ್ವನಿಗೆ, ಅಂದರೆ ಅವನ ಹೆಂಡತಿಗೆ, ಓದಲು ಬಾರದು. ಅವಳ ಜೊತೆ ಕೈಸನ್ನೆಯಲ್ಲೇ ಸಂಸಾರ. ಟಿವಿ ಹಚ್ಚಿದರೆ ನಗುತ್ತಿದ್ದ, ಭುಜ ಮಾತ್ರ ಅಲ್ಲಾಡುತ್ತಿತ್ತು. ನನಗೆ ನೋಡಲಾಗುತ್ತಿರಲಿಲ್ಲ. ಅಡುಗೆ ಮನೆಗೆ ಹೋಗಿ ಸುಮ್ಮನೆ ನೀರು ಕುಡಿದು ಬರುತ್ತಿದ್ದೆ.

ಗಡ್ಡೆ ಮತ್ತೆ ಬಂತು. ಆ ದಿನಗಳಲ್ಲೇ ಯಾರೋ ಪುಣ್ಯಾತ್ಮರು ಆ ಬಿದ್ದ ಪಿಚ್ಚರನ್ನು ಪೂರ್ತಿಯಾಗಿ ಮೊಬೈಲಿಗೆ ಸಿಗುವಂತೆ ಹಾಕಿದ್ದರು. ಕೆಳಗೆ ಹುಡುಗರೆಲ್ಲ ಹೊಗಳಿ ಬರೆದಿದ್ದರು. ಕಾಕಾನಿಗೆ ಆ ಕಾಲು ತಾಸನ್ನು ತೋರಿಸಲೇಬೇಕೆಂದು ಐತಾರ ಬೆಳಿಗ್ಗೆ ಬಸ್ಸು ಹತ್ತಿದೆ. ತಡೆಯಲಾಗದೆ ದಾರಿಯಲ್ಲಿ ನಾನೇ ನೋಡಿಬಿಟ್ಟೆ. ಫೋನ್ ರಿಂಗಾಗುವುದೇ ಇಲ್ಲ. ಪೊಲೀಸ್ ಜೀಪು ಬರುತ್ತದೆ, ಹೊಡೆದಾಟ ಆಗುತ್ತದೆ, ಕಾಯುವವನಿಗೆ ಗೌಡರ ಮಗಳ ಜೊತೆ ಮದುವೆ. ನನಗೆ ಅಳು ಬಂತು. ಇದಕ್ಕಾಗಿ ನನ್ನ ಕಾಕಾ ಇಷ್ಟು ವರ್ಷ ಕಾದದ್ದೇ?

ಮನೆಯಲ್ಲಿ ಅವನಿಗೆ ಮೊಬೈಲು ತೋರಿಸಿ ಸಿಕ್ಕಿದೆ ಎಂದೆ. ಅವನ ಕಣ್ಣು ದೊಡ್ಡವಾದವು. ಆಮೇಲೆ ಕೈಯಿಂದ ಮೊಬೈಲನ್ನು ಮುಚ್ಚಿ ಪಾಟಿಯ ಮೇಲೆ ಬರೆದ: "ನೀ ಹೇಳು."

ನಾನು ಅವನದೇ ಕೊನೆಯನ್ನು ಹೇಳತೊಡಗಿದೆ. ಸಕ್ಕರೆ ಹಂಚುವುದಕ್ಕೆ ಬರುವ ಮೊದಲೇ ತಲೆ ಅಲ್ಲಾಡಿಸಿದ. "ಅದು ನಂದು. ನಿಂದು ಹೇಳು ಖೋಡಿ" ಎಂದು ಬರೆದ.

ಜಗಳಾಡಲು ಬರುವಷ್ಟು ನನಗೆ ಕಥೆ ಕಟ್ಟಲು ಬರುವುದಿಲ್ಲ. ಆದರೂ ಶುರು ಮಾಡಿದೆ. ಫೋನ್ ರಿಂಗಾಗುತ್ತದೆ. ಊರವರು ಬಂದು ಸುತ್ತ ನಿಲ್ಲುತ್ತಾರೆ. ಕಾಯುವವನು ಕೈ ಒರೆಸಿಕೊಂಡು ಎತ್ತುತ್ತಾನೆ, ಏನನ್ನಬೇಕೆಂದು ತಿಳಿಯದೆ "ಹೌದ್ರಿ" ಎನ್ನುತ್ತಾನೆ. ಕಾಕಾನ ಭುಜ ಅಲ್ಲಾಡಿತು. "ಆ ಕಡಿಂದ ಒಂದು ದನಿ ಬರ್ತೈತಿ ಕಾಕಾ" ಎಂದೆ.

ಅಲ್ಲಿಗೆ ಗಡಿಯಾರ ನೋಡಿದೆ. ಬಾಗೇವಾಡಿಯ ಕಡೆಯ ಬಸ್ಸಿಗೆ ಹೊತ್ತಾಗಿತ್ತು. ಯಾರ ದನಿ ಎಂದು ನನಗೂ ಹೊಳೆದಿರಲಿಲ್ಲ, ಸುಳ್ಳೇಕೆ ಹೇಳಲಿ, ಬಸ್ಸಿನ ನೆವ ಸಿಕ್ಕದ್ದು ಒಳ್ಳೆಯದೇ ಆಯಿತು ಅನ್ನಿಸಿತು.

"ಉಳಿದದ್ದು ಮುಂದಿನ ಐತಾರ ಹೇಳ್ತೇನಿ" ಎಂದು ಎದ್ದೆ, ಚಪ್ಪಲಿ ಹುಡುಕಿದೆ.

ಕಾಕಾ ಹೋಗು ಎಂದು ಕೈ ಮಾಡಿದ. ಕಡೆಯ ಬಸ್ಸು ಎಂದರೆ ಏನೆಂದು ಅವನಿಗೆ ಗೊತ್ತಲ್ಲ. ಬಸ್ಸು ಹೂವಿನ ಹಿಪ್ಪರಗಿ ದಾಟಿದ ಮೇಲೆ, ಮರುದಿನವೂ ಸಾಲಿಗೆ ಸೂಟಿ, ರಾತ್ರಿ ಅಲ್ಲೇ ಉಳಿಯಬಹುದಿತ್ತು ಎಂಬುದು ನೆನಪಾಯಿತು.

ಗುರುವಾರ ಕಾಕಾ ಹೋದ.

ಮಣ್ಣು ಮುಗಿಸಿ ಬಂದ ಮೇಲೆ ಚಿಗವ್ವ ಗೋಡೆಯ ಮಾಡದಿಂದ ಪಾಟಿ ತೆಗೆದು ನನ್ನ ಕೈಗೆ ಕೊಟ್ಟಳು. ಅಳಿಸಿ ಹೋಗಬಾರದೆಂದು ಸೆರಗಿನ ತುಂಡಿನಲ್ಲಿ ಸುತ್ತಿಟ್ಟಿದ್ದಳು.

"ಬುಧವಾರ ಬರದಾನವ್ವಾ. ನಿನಗ ತೋರಸು ಅಂತ ಕೈಸನ್ನಿ ಮಾಡಿದ. ಏನೈತಿ ನೋಡು, ನನಗರ ಓದಾಕ ಬರೂದಿಲ್ಲ."

ಪಾಟಿಯ ಮೇಲೆ ಎರಡೇ ಶಬ್ದ ಇದ್ದವು: "ಯಾರ ದನಿ?"

"ಏನಂತವ್ವಾ?" ಎಂದು ಚಿಗವ್ವ ಮತ್ತೆ ಕೇಳಿದಳು. ನಾನು ಅವಳಿಗೆ ಓದಿ ಹೇಳಿದೆ. ಅವಳು ನನ್ನ ಮುಖವನ್ನೇ ನೋಡುತ್ತ, ಉತ್ತರಕ್ಕೆ ಕಾಯುತ್ತ ಕೂತಳು.