ಅವ್ವ ಆಡಿದ ‘ಕಂಗಾಲ್’

‘ಕಂಗಾಲು’ ಎಂದರೆ ಈಗಿನವರಿಗೆ ದಿಕ್ಕು ತೋಚದವರು. ನಿಜಾಮರ ಕಾಲದ ನಮ್ಮ ಯಲಬುರ್ಗಿ ಸೀಮೆಯಲ್ಲಿ ‘ಕಂಗಾಲ್’ ಎಂದರೆ ಹೊಟ್ಟೆಗೂ ಬಟ್ಟೆಗೂ ಇಲ್ಲದವರು. ಉರ್ದು ಆಡುವ ಅಧಿಕಾರಿಗಳ ಬಾಯಿಂದ ನಾವು ಕಲಿತ ಮಾತು. ಅದರ ಬೇರು ‘ಕಂಕಾಲ’, ಅಂದರೆ ಎಲುಬಿನ ಗೂಡು, ಎಂದು ಬಲ್ಲವರೊಬ್ಬರು ಹೇಳಿದಾಗ ನನಗೆ ಒಬ್ಬ ಹೆಂಗಸಿನ ಮುಂಗೈ ನೆನಪಾಯಿತು.

ಎರಡನೇ ಮಹಾಯುದ್ಧದ ವರ್ಷಗಳವು. ಸರಕಾರದವರು ರೈತರ ಮನೆಗಳಿಂದ ಜೋಳ ವಸೂಲಿ ಮಾಡುತ್ತಿದ್ದರು. ಅಪ್ಪ ನಮ್ಮ ಜೋಳವನ್ನೆಲ್ಲ ಅಂಗಳದ ಹಗೇವಿಗೆ ಸುರಿದು, ಆ ನೆಲಗುಂಡಿಯ ಬಾಯಿಗೆ ಬಂಡೆ ಮುಚ್ಚಿ, ಮಣ್ಣು ಮೆತ್ತಿ, ಮೇಲೆ ಎಮ್ಮೆ ಕಟ್ಟಿದ. ಕಂದಾಯದ ಅಧಿಕಾರಿ ಗಿರದಾವರ ಸಾಹೇಬರು ವಸೂಲಿಗೆ ಬಂದ ದಿನ ಅವ್ವ ಹರಕು ಸೀರೆ ಉಟ್ಟು, ನಾಟಕದವರೂ ನಾಚುವಂತೆ ಅತ್ತಳು.

“ಕಂಗಾಲ್ ಆಗೀವ್ರಿ ಸಾಹೇಬ್ರ! ಹುಡುಗ್ರಿಗೆ ಗಂಜಿ ಕಾಸಾಕೂ ಕಾಳಿಲ್ರಿ.”

ನಾನು ಕಂಬದ ಹಿಂದೆ ನಿಂತು ನಗು ತಡೆದುಕೊಂಡೆ. ಸಾಹೇಬರು ನಂಬಿ ಹೋದರು. ಆದರೆ ಇನ್ನೊಬ್ಬಳೂ ನಂಬಿದ್ದಳು. ಆ ವರ್ಷವಷ್ಟೇ ನಮ್ಮ ಓಣಿಗೆ ಬಂದಿದ್ದ ಕೂಲಿ ಹೆಂಗಸು ಮಜ್ಜಿಗೆ ಕೇಳಲು ಬಂದು ಬಾಗಿಲಲ್ಲೇ ನಿಂತಿದ್ದಳು. ಕೇಳದೆ ಹಾಗೇ ಹೊರಟುಹೋದಳು.

ಸಂಜೆ ಮತ್ತೆ ಬಂದಳು. ಉಡಿಯಲ್ಲಿ ಜೋಳವಿತ್ತು. ಕೊಯ್ದ ಹೊಲಗಳಲ್ಲಿ ಉದುರಿದ ತೆನೆಗಳನ್ನು ಆಯ್ದು, ಬಡಿದು ತಂದ ಹಕ್ಕಲು. ಸುರಿಯಲು ಉಡಿ ಎತ್ತಿದಾಗ ಬಳೆಗಳು ಎಲುಬಾದ ಮುಂಗೈಯಿಂದ ಮೊಳಕೈವರೆಗೆ ಜಾರಿದವು.

“ನುಚ್ಚು ಮಾಡಿ ಹಾಕ್ರಿ ಅಕ್ಕಾರ. ಉಪಾಸ ನಮಗ ರೂಢಿ ಐತಿ. ನಿಮ್ಮ ಹುಡುಗ್ರು ತಡಕೊಳ್ಳಾಂಗಿಲ್ಲ.”

ಅವ್ವನ ಬಾಯಲ್ಲಿ ಬಿಸಿತುಪ್ಪ. ಬೇಡವೆಂದರೆ ಗುಟ್ಟು ರಟ್ಟಾಗಿ ಹಗೇವೇ ಹೋಗುತ್ತಿತ್ತು. ಮೊರ ತಂದು ಅದರಲ್ಲಿ ಹಾಕಿಸಿಕೊಂಡಳು.

ಆ ನುಚ್ಚು ರುಚಿಯಾಗಿತ್ತು. “ಇನ್ನಷ್ಟು ಹಾಕವ್ವಾ” ಎಂದೆ. ಅವ್ವ ಹಾಕಿದಳು, ತಾನು ಉಣ್ಣಲಿಲ್ಲ. ಆ ಕೂಲಿ ಹೆಂಗಸಿನ ಮಕ್ಕಳು ಅಂದು ಏನು ಉಂಡರೋ ಎಂದು ನಾನು ಕೇಳಲೂ ಇಲ್ಲ. ನನಗೆ ಈಗಲೂ ನಾಚಿಕೆಯಾಗುವುದು ಅದಕ್ಕೇ.

ವಸೂಲಿಯ ಗದ್ದಲ ಮುಗಿದ ಮೇಲೆ ಅಪ್ಪ ಹಗೇವು ತೆಗೆದ. ಅವ್ವ ಬುಟ್ಟಿ ತುಂಬ ಜೋಳ ತುಂಬಿ, ಮೇಲೆ ಅರಿವೆ ಮುಚ್ಚಿ, “ಆಕಿಗೆ ಕೊಟ್ಟ ಬಾ, ಏನೂ ಮಾತಾಡಬ್ಯಾಡ” ಎಂದು ನನ್ನನ್ನು ಕಳಿಸಿದಳು. ಅವಳ ಗುಡಿಸಲಿನಲ್ಲಿ ಒಲೆಯ ಮೂರು ಕಲ್ಲು ಬಿಟ್ಟರೆ ಏನೂ ಇರಲಿಲ್ಲ. ಕೂಲಿ ಹುಡುಕಿಕೊಂಡು ಗಂಗಾವತಿ ಕಡೆ ಹೋದರೆಂದು ಪಕ್ಕದವರು ಹೇಳಿದರು.

ಬುಟ್ಟಿಯನ್ನು ಮನೆಗೆ ಹೊತ್ತು ತಂದೆ. ಆ ಜೋಳವನ್ನೂ ನಾವೇ ಉಂಡೆವು.